ಹೊಗೆಯೊಳಗೆ ಹೆಜ್ಜೆಯಿಡುವವರು ನಮ್ಮ ಮನೆಯಿಂದಲೂ ಹೊರಡಲಿ

(ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ವಿದ್ಯಾರ್ಥಿಗಳ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2010ರ ಮೇ 22ರ ಬೆಳಗನ್ನು ಕರಾವಳಿಯ ಯಾವ ಮನೆಯೂ ಮರೆತಿರಲಾರದು. ದುಬೈಯಿಂದ ಹೊರಟ ವಿಮಾನವು ಮಂಗಳೂರಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. 166 ಮಂದಿಯ ಪೈಕಿ 158 ಮಂದಿ ಮರಣವನ್ನಪ್ಪಿದರು. ಉಳಿದವರು ಕೇವಲ ಎಂಟು ಮಂದಿ. ಮದುವೆಗೆಂದು, ಹೆತ್ತವರ ಆರೋಗ್ಯ ವಿಚಾರಿಸಲೆಂದು, ಹುಟ್ಟಿದ ಮಗುವಿನ ಮುಖ ನೋಡಲೆಂದು ಊರಿಗೆ ಮರಳುತ್ತಿದ್ದವರು ಅದರಲ್ಲಿದ್ದರು. ಆ ದಿನ ಕಣಿವೆಯ ಸುತ್ತಲಿನ ಗ್ರಾಮಸ್ಥರು ಯಾರ ಜಾತಿಯನ್ನೂ ಕೇಳದೆ ಕೆಳಗಿಳಿದರು. ಅವರೊಡನೆ ಸಮವಸ್ತ್ರ ಧರಿಸಿದ ಅಗ್ನಿಶಾಮಕ ಸಿಬ್ಬಂದಿಯೂ ಉರಿ ಮತ್ತು ಹೊಗೆಯ ನಡುವೆ ಇಳಿದರು. ಅಂದು ಟಿ.ವಿ.ಯ ಮುಂದೆ ಕುಳಿತು ಅತ್ತವರು ನಾವು. ಆದರೆ, ಆ ಸಮವಸ್ತ್ರದೊಳಗೆ ನಮ್ಮ ಮನೆಯ ಮಕ್ಕಳು ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಯನ್ನು ನಾವೆಂದಾದರೂ ಕೇಳಿಕೊಂಡಿದ್ದೇವೆಯೇ?

ಇಂದು ನಾವು ಮಾತನಾಡಲಿರುವುದು ಈ ಪ್ರಶ್ನೆಯ ಬಗ್ಗೆ. ವೃತ್ತಿ ಮಾರ್ಗದರ್ಶನ ಎಂದೊಡನೆ ನಮ್ಮ ಸಭೆಗಳಲ್ಲಿ ಡಾಕ್ಟರ್, ಇಂಜಿನಿಯರ್, ತಪ್ಪಿದರೆ ಗಲ್ಫ್ ಎಂಬ ಮೂರೇ ಬಾಗಿಲುಗಳು ತೆರೆದುಕೊಳ್ಳುತ್ತವೆ. ಶೇ. 60 ಅಂಕ ಪಡೆದು ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ಓಡುವ ಹುಡುಗನಿಗೆ ನಮ್ಮಲ್ಲಿ ಉತ್ತರವಿಲ್ಲ. ಅವನು ಮೊಬೈಲ್ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುತ್ತಾನೆ ಅಥವಾ ವೀಸಾಕ್ಕಾಗಿ ಕಾಯುತ್ತಾನೆ. ಅಂಥವನಿಗೆ ಗೌರವದ, ಭದ್ರತೆಯ, ಸಮಾಜಕ್ಕೆ ನೇರವಾಗಿ ಉಪಯುಕ್ತವಾದ ಒಂದು ವೃತ್ತಿ ಇದೆ. ಅದುವೇ ಅಗ್ನಿಶಾಮಕ ವೃತ್ತಿ.

ಅಗ್ನಿವೀರ ಬೇರೆ, ಅಗ್ನಿಶಾಮಕ ಬೇರೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಅಗ್ನಿಪಥ ಯೋಜನೆಯು ಸೇನೆಗೆ ನಾಲ್ಕು ವರ್ಷಗಳ ಅವಧಿಗೆ ಯುವಕರನ್ನು ಸೇರಿಸಿಕೊಳ್ಳುವ ಯೋಜನೆ. ಅದರಲ್ಲಿ ಸೇರಿದವರು ಅಗ್ನಿವೀರರು. ಬೆಂಕಿ ನಂದಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಾವು ಹೇಳುತ್ತಿರುವುದು ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಬಗ್ಗೆ. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯ ಆಧಾರದಲ್ಲಿ ರೂಪುಗೊಂಡು, ಗೃಹ ಇಲಾಖೆಯ ಅಧೀನದಲ್ಲಿ ಕಾರ್ಯ ನಿರ್ವಹಿಸುವ ಈ ಇಲಾಖೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಠಾಣೆಗಳಿವೆ. ಇದು ನಿವೃತ್ತಿಯವರೆಗಿನ ಸರಕಾರಿ ನೌಕರಿ.

ಇಲಾಖೆಯ ಹೆಸರಿನಲ್ಲಿರುವ ‘ತುರ್ತು ಸೇವೆಗಳು’ ಎಂಬ ಪದವನ್ನು ಗಮನಿಸಿರಿ. ಬೆಂಕಿ ನಂದಿಸುವುದು ಈ ವೃತ್ತಿಯ ಒಂದು ಭಾಗ ಮಾತ್ರ. ಬಾವಿಗೆ ಬಿದ್ದ ಮಗುವನ್ನು ಮೇಲೆತ್ತುವುದು, ನೆರೆಯಲ್ಲಿ ಸಿಲುಕಿದ ಕುಟುಂಬವನ್ನು ದೋಣಿಯಲ್ಲಿ ಕರೆತರುವುದು, ನಜ್ಜುಗುಜ್ಜಾದ ಬಸ್ಸಿನ ತಗಡನ್ನು ಕತ್ತರಿಸಿ ಚಾಲಕನನ್ನು ಹೊರಗೆ ತೆಗೆಯುವುದು, ಕುಸಿದ ಕಟ್ಟಡದಡಿಯಲ್ಲಿ ಉಸಿರಾಡುತ್ತಿರುವವರನ್ನು ಹುಡುಕುವುದು ಎಲ್ಲವೂ ಇದರಲ್ಲಿ ಸೇರಿವೆ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡವೊಂದು ಕುಸಿದು 19 ಮಂದಿ ಸಾವಿಗೀಡಾದಾಗ ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಅಲ್ಲಿ ಇದ್ದುದು ಬೆಂಕಿಯಲ್ಲ, ಕಾಂಕ್ರೀಟು. ಆದರೂ ಅಲ್ಲಿಗೆ ಧಾವಿಸಿದವರು ಅಗ್ನಿಶಾಮಕರೇ.

ತಾಯಂದಿರ ಭಯಕ್ಕೆ ಉತ್ತರ

‘ಬೆಂಕಿಯೊಂದಿಗೆ ಆಟವೇ? ನನ್ನ ಮಗನನ್ನು ಕಳಿಸಲಾರೆ’ ಎಂದು ತಾಯಿಯೊಬ್ಬರು ಹೇಳಿದರೆ ನಾವು ಅವರನ್ನು ದೂಷಿಸುವಂತಿಲ್ಲ. ಈ ವೃತ್ತಿಯಲ್ಲಿ ಅಪಾಯವಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ದೇಶದಲ್ಲಿ ಪ್ರತಿ ವರ್ಷ ಎಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುವುದೇ ಅಂಥದೊಂದು ಬಲಿದಾನದ ನೆನಪಿಗಾಗಿ. 1944ರ ಆ ದಿನ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹತ್ತಿಯ ಬೇಲುಗಳ ಜೊತೆಗೆ ಸ್ಫೋಟಕಗಳೂ ಅದರಲ್ಲಿ ತುಂಬಿದ್ದವು. ಹಡಗು ಸಿಡಿದಾಗ ನೂರಾರು ಮಂದಿ ಸತ್ತರು. ಬೆಂಕಿ ನಂದಿಸಲು ಹೋಗಿದ್ದ 66 ಅಗ್ನಿಶಾಮಕರು ಮರಳಿ ಬರಲಿಲ್ಲ.

ಆದರೆ ತಾಯಂದಿರೇ, ಒಂದು ಮಾತನ್ನು ಯೋಚಿಸಿ ನೋಡಿ. ಹೆಲ್ಮೆಟ್ ಇಲ್ಲದೆ ಮೂವರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಬೈಕ್ ಓಡಿಸುವ ಮಗನ ಬಗ್ಗೆ ನಾವು ಇಷ್ಟು ಭಯಪಡುತ್ತೇವೆಯೇ? ತರಬೇತಿ ಪಡೆದ ಅಗ್ನಿಶಾಮಕನು ಧೈರ್ಯವೊಂದನ್ನೇ ನಂಬಿ ಬೆಂಕಿಯೊಳಗೆ ನುಗ್ಗುವುದಿಲ್ಲ. ಅವನ ಮೈಮೇಲೆ ಶಾಖ ತಡೆಯುವ ಉಡುಪು, ಬೆನ್ನಿನ ಮೇಲೆ ಗಾಳಿಯ ಸಿಲಿಂಡರ್, ಮುಖದ ಮೇಲೆ ಮುಖವಾಡ, ಪಕ್ಕದಲ್ಲಿ ಜೊತೆಗಾರ, ಹೊರಗಡೆ ಅವನ ಸಮಯವನ್ನು ಲೆಕ್ಕ ಹಾಕುತ್ತಿರುವ ಅಧಿಕಾರಿ ಇರುತ್ತಾರೆ. ಎಲ್ಲಿಗೆ ಹೋಗಬೇಕು ಎಂಬುದರಷ್ಟೇ ಮುಖ್ಯವಾಗಿ ಎಲ್ಲಿಗೆ ಹೋಗಬಾರದು ಎಂಬುದನ್ನೂ ಅವನಿಗೆ ಕಲಿಸಲಾಗುತ್ತದೆ. ಅಪಾಯವನ್ನು ಅಳೆಯಬಲ್ಲವನು ಅಪಾಯವನ್ನೇ ಅರಿಯದವನಿಗಿಂತ ಸುರಕ್ಷಿತನಲ್ಲವೇ?

ಆರಂಭಿಸುವುದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ರಾಜ್ಯ ಇಲಾಖೆಗೆ ಸೇರಲು ಸಾಮಾನ್ಯವಾಗಿ ಎರಡು ಬಾಗಿಲುಗಳಿವೆ. ಒಂದು, ಎಸ್ಸೆಸ್ಸೆಲ್ಸಿ ಮಟ್ಟದ ವಿದ್ಯಾರ್ಹತೆಯ ಅಗ್ನಿಶಾಮಕ ಹುದ್ದೆ. ವಾಹನ ಚಾಲಕ ಮತ್ತು ಚಾಲಕ ತಂತ್ರಜ್ಞ ಹುದ್ದೆಗಳೂ ಇವೆ. ಅವಕ್ಕೆ ಭಾರೀ ವಾಹನ ಚಾಲನಾ ಪರವಾನಿಗೆ ಮುಂತಾದ ಹೆಚ್ಚಿನ ಅರ್ಹತೆ ಬೇಕು. ಎರಡನೆಯದು, ಪದವೀಧರರಿಗಾಗಿ ಇರುವ ಅಗ್ನಿಶಾಮಕ ಠಾಣಾಧಿಕಾರಿ ಹುದ್ದೆ. ಕೆಳಗಿನ ಬಾಗಿಲಿನಿಂದ ಪ್ರವೇಶಿಸಿದವರಿಗೂ ಮೇಲೇರುವ ಏಣಿ ಇದೆ. ಅಗ್ನಿಶಾಮಕನಾಗಿ ಸೇರಿದವನು ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ ಎಂದು ಮೇಲೇರಬಹುದು. ಅದರಾಚೆಗೆ ಜಿಲ್ಲಾ ಅಗ್ನಿಶಾಮಕ ಅಧಿಕಾರಿ, ಪ್ರಾದೇಶಿಕ ಅಗ್ನಿಶಾಮಕ ಅಧಿಕಾರಿಯಂತಹ ಹುದ್ದೆಗಳಿವೆ. ಆಯ್ಕೆಯಾದವರಿಗೆ ಬೆಂಗಳೂರಿನ ಬನ್ನೇರುಘಟ್ಟದಲ್ಲಿರುವ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿಯಲ್ಲಿ ಇಲಾಖೆಯೇ ತರಬೇತಿ ನೀಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ಅಧಿಸೂಚನೆ ಬಂದ ಮೇಲೆ ಓಡಲು ಕಲಿಯುತ್ತೇನೆ, ಪ್ರಮಾಣ ಪತ್ರ ಮಾಡಿಸುತ್ತೇನೆ ಎನ್ನುವವನಿಗೆ ಸಮಯ ಸಿಗುವುದಿಲ್ಲ. ವಯೋಮಿತಿ, ಎತ್ತರ, ಎದೆಯ ಸುತ್ತಳತೆ, ಓಟದ ದೂರ ಮತ್ತು ಸಮಯ ಎಲ್ಲವೂ ಆಯಾ ಅಧಿಸೂಚನೆಯಲ್ಲೇ ಇರುತ್ತವೆ. ಅದನ್ನು ಇಲಾಖೆಯ ಅಧಿಕೃತ ಪ್ರಕಟಣೆಯಿಂದಲೇ ಓದಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಚಿತ್ರವನ್ನು ನಂಬಿ ಕೂರಬಾರದು.

ರಾಜ್ಯ ಇಲಾಖೆಯಷ್ಟೇ ನಮ್ಮ ಮುಂದಿರುವ ದಾರಿಯಲ್ಲ. ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್‌ಗೆ ತನ್ನದೇ ಆದ ಅಗ್ನಿಶಾಮಕ ವಿಭಾಗವಿದೆ. 2024ರಲ್ಲಿ ಅದು 1130 ಕಾನ್‌ಸ್ಟೇಬಲ್/ಫೈರ್ ಹುದ್ದೆಗಳಿಗೆ ಪುರುಷ ಅಭ್ಯರ್ಥಿಗಳಿಂದ ಅರ್ಜಿ ಕರೆದಿತ್ತು. ವಿಜ್ಞಾನ ವಿಷಯದಲ್ಲಿ ಹನ್ನೆರಡನೇ ತರಗತಿ ತೇರ್ಗಡೆ, 18ರಿಂದ 23ರ ವಯಸ್ಸು, ಸಾಮಾನ್ಯವಾಗಿ 170 ಸೆಂಟಿಮೀಟರ್ ಎತ್ತರ, 24 ನಿಮಿಷಗಳಲ್ಲಿ ಐದು ಕಿಲೋಮೀಟರ್ ಓಟ ಇವು ಅದರ ಪ್ರಮುಖ ಷರತ್ತುಗಳಾಗಿದ್ದವು. ಮೂಲ ವೇತನ ಶ್ರೇಣಿ 21,700ರಿಂದ 69,100 ರೂಪಾಯಿ. ವಿದ್ಯಾರ್ಥಿಗಳೇ, ಈ 24 ನಿಮಿಷವನ್ನು ನಿಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಿ. ನಾಳೆ ಬೆಳಗ್ಗೆ ಊರಿನ ಮೈದಾನದಲ್ಲಿ ಐದು ಕಿಲೋಮೀಟರ್ ಓಡಿ, ನಿಮಗೆಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ನೀವೆಲ್ಲಿದ್ದೀರಿ ಎಂಬುದು ಅಂದೇ ತಿಳಿಯುತ್ತದೆ.

ವಿಮಾನ ನಿಲ್ದಾಣಗಳ ಅಗ್ನಿಶಾಮಕ ಸೇವೆ ಇನ್ನೊಂದು ದಾರಿ. ಅವಘಡ ಸಂಭವಿಸಿದರೆ ರನ್‌ವೇಯ ಯಾವುದೇ ಭಾಗಕ್ಕೆ ಮೂರು ನಿಮಿಷಗಳೊಳಗೆ ಅಗ್ನಿಶಾಮಕ ವಾಹನ ತಲುಪಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಂತಹ ನಿಲ್ದಾಣಗಳನ್ನು ನಡೆಸುವ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಈ ಸೇವೆಗೆಂದೇ ಜೂನಿಯರ್ ಅಸಿಸ್ಟೆಂಟ್ ಹುದ್ದೆಗಳನ್ನು ತುಂಬುತ್ತದೆ. ಹನ್ನೆರಡನೇ ತರಗತಿ, ಇಲ್ಲವೇ ಹತ್ತನೇ ತರಗತಿಯ ಬಳಿಕ ಮೆಕ್ಯಾನಿಕಲ್, ಆಟೋಮೊಬೈಲ್ ಅಥವಾ ಫೈರ್ ವಿಷಯದಲ್ಲಿ ಮೂರು ವರ್ಷದ ಡಿಪ್ಲೊಮಾ ಅದಕ್ಕೆ ಬೇಕು. ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಬೇಕು. ಲಘು ವಾಹನದ ಲೈಸೆನ್ಸ್ ಆಗಿದ್ದರೆ ಅದು ಇಂತಿಷ್ಟು ವರ್ಷ ಹಳೆಯದಾಗಿರಬೇಕೆಂಬ ಷರತ್ತೂ ಇರುತ್ತದೆ. ಹದಿನೆಂಟು ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಂಡವನು ಇಲ್ಲಿ ಗೆಲ್ಲುತ್ತಾನೆ. ಇದಲ್ಲದೆ ಮಂಗಳೂರಿನ ತೈಲ ಶುದ್ಧೀಕರಣ ಘಟಕ, ಬಂದರು, ಕೈಗಾದ ಅಣುಸ್ಥಾವರದಂತಹ ಕಡೆಗಳಲ್ಲೂ ಬೆಂಕಿ ನಂದಿಸುವ ತರಬೇತಾದ ತಂಡಗಳು ಬೇಕೇ ಬೇಕು.

ಹೆಚ್ಚು ಓದಬಲ್ಲವರಿಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. 1956ರಲ್ಲಿ ರಾಂಪುರದಲ್ಲಿ ಆರಂಭವಾಗಿ ಮರುವರ್ಷ ನಾಗಪುರಕ್ಕೆ ಬಂದ ಈ ಸಂಸ್ಥೆ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ. ಅಗ್ನಿಶಾಮಕ ಇಂಜಿನಿಯರಿಂಗ್‌ನಲ್ಲಿ ಪದವಿ, ಸಬ್ ಆಫೀಸರ್ ತರಬೇತಿ ಮುಂತಾದವು ಅಲ್ಲಿವೆ. ನಮಗೆ ಹತ್ತಿರದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಸುರಕ್ಷತೆ ಮತ್ತು ಅಗ್ನಿಶಾಮಕ ಇಂಜಿನಿಯರಿಂಗ್‌ನ ಬಿ.ಟೆಕ್ ಇದೆ. ಇಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಸೈನ್ಸ್ ಮಾತ್ರ ಎಂದು ತಿಳಿದ ಪೋಷಕರು ಇದನ್ನು ಗಮನಿಸಬೇಕು.

‘ನೂರಕ್ಕೆ ನೂರು ಉದ್ಯೋಗ’ದ ಫಲಕಗಳು

ಈಗ ನೋವಿನ ವಿಷಯವೊಂದನ್ನು ಹೇಳಬೇಕಾಗಿದೆ. ನಮ್ಮ ಪರಿಚಯದ ಯುವಕನೊಬ್ಬ ಪಿಯುಸಿ ಮುಗಿಸಿದ. ಬಸ್ ನಿಲ್ದಾಣದ ಬಳಿಯ ಫಲಕವೊಂದರಲ್ಲಿ ‘ಆರು ತಿಂಗಳ ಫೈರ್ ಆಂಡ್ ಸೇಫ್ಟಿ ಡಿಪ್ಲೊಮಾ, ನೂರಕ್ಕೆ ನೂರು ಉದ್ಯೋಗ’ ಎಂದಿತ್ತು. ತಾಯಿ ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟಿದರು. ಆರು ತಿಂಗಳಲ್ಲಿ ಅವನು ಒಮ್ಮೆ ಮಾತ್ರ ಅಗ್ನಿಶಮನ ಸಿಲಿಂಡರನ್ನು ಕೈಯಲ್ಲಿ ಹಿಡಿದ. ಬಣ್ಣದ ಪ್ರಮಾಣ ಪತ್ರ ದೊರೆಯಿತು. ಅದನ್ನು ಹಿಡಿದು ಸರಕಾರಿ ನೇಮಕಾತಿಯ ಅಧಿಸೂಚನೆ ನೋಡಿದಾಗ ಅಲ್ಲಿ ಅಂತಹ ಪತ್ರವನ್ನು ಯಾರೂ ಕೇಳಿರಲಿಲ್ಲ. ಅವನ ಬಳಿ ಮೊದಲೇ ಇದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಅದಕ್ಕೆ ಸಾಕಾಗಿತ್ತು. ಬಳೆಗಳು ಮರಳಿ ಬರಲಿಲ್ಲ. ಈ ಹುಡುಗನಿಗೆ ಮೊದಲೇ ಒಂದು ಮಾತು ತಿಳಿಸದ ನಾವೂ ಇದರಲ್ಲಿ ಅಪರಾಧಿಗಳು. ನಮ್ಮ ಸಂಘಟನೆಗಳು ಎಷ್ಟೊಂದು ಸಭೆಗಳನ್ನು ಮಾಡುತ್ತವೆ! ಒಂದು ಅಧಿಸೂಚನೆಯನ್ನು ಕನ್ನಡದಲ್ಲಿ ಓದಿ ವಿವರಿಸುವ ಸಭೆ ಎಷ್ಟು ಕಡೆ ನಡೆದಿದೆ?

ಎಲ್ಲ ಖಾಸಗಿ ಸಂಸ್ಥೆಗಳೂ ಮೋಸದವು ಎಂದು ನಾವು ಹೇಳುತ್ತಿಲ್ಲ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ. ಈ ಕೋರ್ಸಿಗೆ ಮಾನ್ಯತೆ ನೀಡಿದ ಮಂಡಳಿ ಅಥವಾ ವಿಶ್ವವಿದ್ಯಾನಿಲಯ ಯಾವುದು? ಯಾವ ಇಲಾಖೆಯ, ಯಾವ ಕಂಪೆನಿಯ ನೇಮಕಾತಿ ಪ್ರಕಟಣೆಯಲ್ಲಿ ಈ ಪ್ರಮಾಣ ಪತ್ರವನ್ನು ಕೇಳಲಾಗಿದೆ, ತೋರಿಸುವಿರಾ? ನೈಜ ಬೆಂಕಿಯಲ್ಲಿ, ಹೊಗೆಯ ಕೋಣೆಯಲ್ಲಿ ಎಷ್ಟು ಗಂಟೆ ಅಭ್ಯಾಸ ಮಾಡಿಸುತ್ತೀರಿ? ಉತ್ತರಗಳನ್ನು ಬರಹದಲ್ಲಿ ಕೇಳಿ. ಬರೆದುಕೊಡಲು ಹಿಂಜರಿಯುವವರಿಂದ ದೂರವಿರಿ.

ಗಲ್ಫ್‌ಗೆ ಹೋಗುವವರು ಇನ್ನೊಂದು ವ್ಯತ್ಯಾಸವನ್ನು ತಿಳಿದಿರಬೇಕು. ಸುರಕ್ಷತಾ ಅಧಿಕಾರಿ ಬೇರೆ, ಅಗ್ನಿಶಾಮಕ ಬೇರೆ. ಅಲ್ಲಿ ಬಹಳಷ್ಟು ಕಂಪೆನಿಗಳು ಕೇಳುವ ನೆಬೋಷ್ ಎಂಬುದು ಬ್ರಿಟನ್ನಿನ ಪರೀಕ್ಷಾ ಮಂಡಳಿಯೊಂದು ನೀಡುವ ಔದ್ಯೋಗಿಕ ಸುರಕ್ಷತೆಯ ಅರ್ಹತೆ. ಅದು ಕಾಮಗಾರಿಯ ಸ್ಥಳದಲ್ಲಿ ಅಪಾಯಗಳನ್ನು ಗುರುತಿಸಿ ತಡೆಯುವವನಿಗೆ ಉಪಯುಕ್ತ. ಅದರಿಂದ ಬೆಂಕಿ ನಂದಿಸುವ ತರಬೇತಿ ಸಿಗುವುದಿಲ್ಲ. ವೀಸಾ ಕೊಡಿಸುವವನು ಕೇಂದ್ರ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತ ಏಜೆಂಟನೇ ಎಂಬುದನ್ನೂ ಪರಿಶೀಲಿಸಬೇಕು.

ಇನ್ನು ‘ಇಷ್ಟು ಲಕ್ಷ ಕೊಟ್ಟರೆ ಸರಕಾರಿ ಕೆಲಸ ಖಚಿತ’ ಎಂದು ಬರುವ ದಲ್ಲಾಳಿಗಳ ಬಗ್ಗೆ. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಮರುವರ್ಷ ಬಯಲಾದಾಗ ಏನಾಯಿತು? ಪರೀಕ್ಷೆ ರದ್ದಾಯಿತು, ಹಣ ಪಡೆದವರೊಂದಿಗೆ ಕೊಟ್ಟವರೂ ಜೈಲು ಸೇರಿದರು. ಪ್ರಾಮಾಣಿಕವಾಗಿ ಓದಿದವರು 2024ರ ಮರುಪರೀಕ್ಷೆಯವರೆಗೆ ಕಾಯಬೇಕಾಯಿತು. ಲಂಚ ಕೊಟ್ಟು ಪಡೆದ ಸಮವಸ್ತ್ರದಿಂದ ಯಾರ ಪ್ರಾಣವನ್ನು ಉಳಿಸಲು ಸಾಧ್ಯ?

ಕಾಗದ ಪತ್ರಗಳು ಮತ್ತು ಮೀಸಲಾತಿ

ನಮ್ಮ ಮಕ್ಕಳು ಓಟದಲ್ಲಿ ಸೋಲುವುದಕ್ಕಿಂತ ಕಾಗದದಲ್ಲಿ ಸೋಲುವುದೇ ಹೆಚ್ಚು. ಒಬ್ಬನೇ ಹುಡುಗ ಅಂಕಪಟ್ಟಿಯಲ್ಲಿ ‘ಮಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಜಾತಿ ಪ್ರಮಾಣ ಪತ್ರದಲ್ಲಿ ಕೇವಲ ‘ಎಂ.ಡಿ.’ ಆಗಿರುತ್ತಾನೆ. ತಂದೆಯ ಹೆಸರಿನಲ್ಲೂ ಇದೇ ಪಾಡು. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಇದನ್ನು ವಿವರಿಸಲು ಅವಕಾಶವಿರುವುದಿಲ್ಲ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದೆಲ್ಲವನ್ನೂ ಈಗಲೇ ಸರಿಪಡಿಸಿಕೊಳ್ಳಿ.

ಮೀಸಲಾತಿಯ ವಿಚಾರದಲ್ಲೂ ಗೊಂದಲವಿದೆ. ಮುಸ್ಲಿಮರಿಗೆ ಪ್ರವರ್ಗ 2ಬಿ ಅಡಿಯಲ್ಲಿದ್ದ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಅಂದಿನ ರಾಜ್ಯ ಸರಕಾರ ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟ್ ತಲುಪಿತು. ಆದೇಶವನ್ನು ಜಾರಿಗೊಳಿಸುವುದಿಲ್ಲ ಎಂದು ಸರಕಾರವೇ ಅಲ್ಲಿ ಭರವಸೆ ನೀಡಬೇಕಾಯಿತು. ಅಂದಿನ ಸುದ್ದಿಯನ್ನಷ್ಟೇ ಕೇಳಿದ ಹಲವರು ‘ನಮಗಿನ್ನು ಮೀಸಲಾತಿ ಇಲ್ಲ’ ಎಂದು ಭಾವಿಸಿ ಪ್ರಮಾಣ ಪತ್ರವನ್ನೇ ಮಾಡಿಸದೆ ಕುಳಿತಿದ್ದಾರೆ. ಇದು ನಾವೇ ನಮ್ಮ ಕೈಯಾರೆ ಹಕ್ಕನ್ನು ಕಳೆದುಕೊಂಡಂತೆ. ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಪಡೆಯಿರಿ. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣ ಪತ್ರ ಇವುಗಳಲ್ಲಿ ಯಾವುದು ನಿಮಗೆ ಅನ್ವಯಿಸುತ್ತದೆಂದು ನೋಡಿ ಸಿದ್ಧಪಡಿಸಿಟ್ಟುಕೊಳ್ಳಿ. 2006ರ ಸಾಚಾರ್ ಸಮಿತಿ ವರದಿಯು ಐಪಿಎಸ್‌ನಲ್ಲಿ ಮುಸ್ಲಿಮರು ಶೇ. 4 ಮಾತ್ರ ಇರುವುದನ್ನು ತೋರಿಸಿದಾಗ ನಾವು ಭಾಷಣಗಳನ್ನು ಮಾಡಿದೆವು. ತಾರತಮ್ಯವನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಅದರ ಜೊತೆಗೆ, ಅರ್ಜಿಯನ್ನೇ ಹಾಕದವನನ್ನು ಯಾರು ಆಯ್ಕೆ ಮಾಡಬೇಕು ಎಂಬ ಪ್ರಶ್ನೆಗೂ ಉತ್ತರಿಸಬೇಕು.

ಉರ್ದು ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಒಂದು ಮಾತು. ಠಾಣೆಗೆ ಬರುವ ಕರೆ ಕನ್ನಡದಲ್ಲಿರುತ್ತದೆ. ಗಾಬರಿಗೊಂಡ ಮಹಿಳೆ ಹೇಳುವ ಬೀದಿಯ ಗುರುತನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳಬೇಕು, ನಂತರ ವರದಿಯನ್ನು ಕನ್ನಡದಲ್ಲೇ ಬರೆಯಬೇಕು. ಆದ್ದರಿಂದ ಪ್ರತಿದಿನ ಒಂದು ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಒಂದು ಪುಟ ಬರೆಯಿರಿ.

ಸಂಕೋಚದಿಂದ ಕೇಳದ ಪ್ರಶ್ನೆಗಳು

ಗಡ್ಡದ ಪ್ರಶ್ನೆಯನ್ನು ಇಂತಹ ಸಭೆಗಳಲ್ಲಿ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಹೊರಗೆ ಹೋದ ಮೇಲೆ ಪಿಸುಗುಟ್ಟುತ್ತಾರೆ. ಇದನ್ನು ಮುಚ್ಚುಮರೆಯಿಲ್ಲದೆ ಮಾತನಾಡುವುದು ಒಳ್ಳೆಯದು. ಹೊಗೆಯೊಳಗೆ ಹೋಗುವವನು ಧರಿಸುವ ಮುಖವಾಡದ ಅಂಚು ಚರ್ಮಕ್ಕೆ ಬಿಗಿಯಾಗಿ ಅಂಟಿಕೊಳ್ಳಬೇಕು. ನಡುವೆ ಕೂದಲಿದ್ದರೆ ಸಂದಿ ಉಳಿಯುತ್ತದೆ. ಆ ಸಂದಿಯಿಂದ ಸಿಲಿಂಡರಿನ ಗಾಳಿ ಸೋರುತ್ತದೆ, ವಿಷಾನಿಲ ಒಳಗೆ ಬರಬಹುದು. ಜಗತ್ತಿನ ಬಹುತೇಕ ಅಗ್ನಿಶಾಮಕ ದಳಗಳು ಮುಖವಾಡ ಧರಿಸುವವರು ಕ್ಷೌರ ಮಾಡಿರಬೇಕೆಂದು ಹೇಳುವುದು ಈ ಕಾರಣಕ್ಕೆ. ಇದು ಯಾವುದೇ ಸಮುದಾಯದ ವಿರುದ್ಧ ಮಾಡಿದ ನಿಯಮವಲ್ಲ, ಶ್ವಾಸಕೋಶದ ಪರವಾಗಿರುವ ನಿಯಮ. ಈ ವಿಚಾರದಲ್ಲಿ ನಿಮ್ಮ ತೀರ್ಮಾನವನ್ನು ಸೇರುವ ಮೊದಲೇ, ಹಿರಿಯರೊಂದಿಗೆ ಸಮಾಲೋಚಿಸಿ, ಮಾಡಿಕೊಳ್ಳಿ. ಸೇರಿದ ಬಳಿಕ ವಿವಾದ ಮಾಡಿಕೊಳ್ಳಬೇಡಿ. ಕಟ್ಟಡಗಳ ಅಗ್ನಿ ಸುರಕ್ಷತೆಯ ವಿನ್ಯಾಸ, ತಪಾಸಣೆ, ಅಗ್ನಿಶಮನ ವ್ಯವಸ್ಥೆಗಳ ಅಳವಡಿಕೆಯಂತಹ, ಮುಖವಾಡದ ಅಗತ್ಯ ಬಾರದ ಕೆಲಸಗಳೂ ಇದೇ ಕ್ಷೇತ್ರದಲ್ಲಿವೆ.

ಹಬ್ಬದ ದಿನವೂ ಪಾಳಿ ಇರುತ್ತದೆ. ಈದ್‌ನ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕುಳಿತಾಗ ಗಂಟೆ ಬಾರಿಸಿದರೆ ಏಳಬೇಕು. ದೀಪಾವಳಿಯ ರಾತ್ರಿಗಳಲ್ಲಿ ಪಟಾಕಿಯ ಕಿಡಿಗಾಗಿ ಇಡೀ ಠಾಣೆ ಎಚ್ಚರವಿರಬೇಕು. ಹಬ್ಬದ ದಿನ ಒಬ್ಬರು ಇನ್ನೊಬ್ಬರ ಪಾಳಿಯನ್ನು ಹೊತ್ತುಕೊಳ್ಳುವ ಸೌಹಾರ್ದವು ಹೀಗೆ ಜೊತೆಯಾಗಿ ದುಡಿಯುವ ಜಾಗದಲ್ಲಿ ಬೆಳೆಯುವಂತೆ ವೇದಿಕೆಯ ಭಾಷಣಗಳಲ್ಲಿ ಬೆಳೆಯುವುದುಂಟೇ?

ಹೆಣ್ಣು ಮಕ್ಕಳ ವಿಚಾರ. ಹರ್ಷಿಣಿ ಕನ್ಹೇಕರ್ ಅವರು 2002ರಲ್ಲಿ ನಾಗಪುರದ ಕಾಲೇಜಿಗೆ ಸೇರಿದಾಗ ಅಲ್ಲಿ ಬೇರೆ ಹುಡುಗಿಯರಿರಲಿಲ್ಲ. ಅಲ್ಲಿಂದ ಉತ್ತೀರ್ಣರಾದ ಮೊದಲ ಮಹಿಳೆಯಾಗಿ ಅವರು ಒಎನ್‌ಜಿಸಿಯ ಅಗ್ನಿಶಾಮಕ ಸೇವೆ ಸೇರಿದರು. ತಮಿಳುನಾಡಿನಲ್ಲಿ 2003ರಲ್ಲಿ ಮೀನಾಕ್ಷಿ ವಿಜಯಕುಮಾರ್ ಮತ್ತು ಪ್ರಿಯಾ ರವಿಚಂದ್ರನ್ ಅವರು ಅಧಿಕಾರಿಗಳಾಗಿ ಸೇರಿದರು. 2012ರ ಜನವರಿಯಲ್ಲಿ ಚೆನ್ನೈಯ ಎಳಿಲಗಂ ಕಟ್ಟಡದ ಬೆಂಕಿ ನಂದಿಸುವಾಗ ಪ್ರಿಯಾ ತೀವ್ರವಾಗಿ ಗಾಯಗೊಂಡರು. ಚೇತರಿಸಿಕೊಂಡು ಮತ್ತೆ ಕರ್ತವ್ಯಕ್ಕೆ ಮರಳಿದರು. ನಮ್ಮ ಹೆಣ್ಣು ಮಕ್ಕಳಿಗೆ ಈ ಮೂವರ ಹೆಸರುಗಳಾದರೂ ತಿಳಿದಿರಲಿ.

ಸರಕಾರಕ್ಕೂ ಒಂದು ಮಾತು

ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್‌ನ ಡೇರೆ ಉರಿದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಬೆಂದುಹೋದರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಮೃತಪಟ್ಟರು. ಅಲ್ಲಿ ಜನರನ್ನು ಕಾಡಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ 28 ಮಂದಿ ಓಡಲಾಗದೆ ಸತ್ತರು. ಏಕೆಂದರೆ ಅವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ದರ್ಗಾದ ನೆರಳಿನಲ್ಲಿ ನಡೆಯುತ್ತಿದ್ದ ಆ ವ್ಯಾಪಾರದ ಬಗ್ಗೆ ನಮ್ಮ ಸಮುದಾಯವೂ ತಲೆ ತಗ್ಗಿಸಬೇಕು.

ಪ್ರತಿ ದುರಂತದ ಬಳಿಕ ಪರಿಹಾರ ಘೋಷಣೆ, ತನಿಖೆ, ನಂತರ ಮೌನ. ಸಂವಿಧಾನದ ಹನ್ನೆರಡನೇ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ವಿಷಯಗಳ ಪಟ್ಟಿಯಲ್ಲಿ ಸೇರಿಸಿದೆ. ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಕೇಂದ್ರವು 2023ರ ಜುಲೈಯಲ್ಲಿ 5,000 ಕೋಟಿ ರೂಪಾಯಿಯ ಯೋಜನೆಯನ್ನು ಆರಂಭಿಸಿತು. ಹಣದಿಂದ ವಾಹನ ಕೊಳ್ಳಬಹುದು, ಎತ್ತರದ ಏಣಿಗಳನ್ನೂ ತರಿಸಬಹುದು. ಆದರೆ ಏಣಿಯನ್ನು ಹತ್ತಲು ಮನುಷ್ಯರು ಬೇಕಲ್ಲವೇ? ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬದೆ, ವರ್ಷಗಟ್ಟಲೆ ಕಾದು ಒಮ್ಮೆಲೇ ಸಾವಿರ ಹುದ್ದೆ ಕರೆಯುವ ಪದ್ಧತಿಯಿಂದ ಸಿದ್ಧತೆ ಮಾಡಿಕೊಂಡ ಯುವಕರ ವಯಸ್ಸು ಮೀರಿಹೋಗುತ್ತದೆ. ನಮ್ಮ ಜನಪ್ರತಿನಿಧಿಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಇಂದಿನಿಂದಲೇ

ಕೊನೆಯದಾಗಿ, ಈ ಸಭೆಯಿಂದ ಎದ್ದು ಹೋದ ಮೇಲೆ ಏನು ಮಾಡಬೇಕು? ದಿನವೂ ಓಡಿ. ಈಜು ಕಲಿಯಿರಿ. ಹಗ್ಗ ಹತ್ತುವುದನ್ನು, ಭಾರ ಹೊತ್ತು ಮೆಟ್ಟಿಲೇರುವುದನ್ನು ಅಭ್ಯಾಸ ಮಾಡಿ. ಬೀಡಿ, ಸಿಗರೇಟು, ಗುಟ್ಕಾಗಳನ್ನು ಬಿಡಿ. ಶ್ವಾಸಕೋಶವೇ ಈ ವೃತ್ತಿಯ ಬಂಡವಾಳ. ಕಣ್ಣು ಪರೀಕ್ಷೆ ಮಾಡಿಸಿ, ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನೂ ಪರೀಕ್ಷಿಸಿಕೊಳ್ಳಿ. ವಿಜ್ಞಾನದ ಪುಸ್ತಕವನ್ನು ಮತ್ತೆ ತೆರೆಯಿರಿ. ಶಾಖ, ಇಂಧನ, ಆಮ್ಲಜನಕ ಈ ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಉರಿಯುವ ಎಣ್ಣೆಗೆ ನೀರು ಸುರಿದರೆ ಅದು ಸಿಡಿದು ಹಬ್ಬುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾಗಿರುವುದರಿಂದ ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ. ಇಷ್ಟನ್ನು ತಿಳಿದವನು ಸಮವಸ್ತ್ರ ಸಿಗುವ ಮೊದಲೇ ತನ್ನ ಮನೆಯ ಅಗ್ನಿಶಾಮಕನಾಗುತ್ತಾನೆ. 101 ಮತ್ತು 112 ಎಂಬ ಸಂಖ್ಯೆಗಳನ್ನು ಮನೆಯ ಅಡುಗೆ ಕೋಣೆಯ ಗೋಡೆಯ ಮೇಲೆ ಬರೆದಿಡಿ.

ಪೋಷಕರೇ, ಎಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಅದಕ್ಕಾಗಿ ಕಾಯಬೇಕೆಂದೂ ಇಲ್ಲ. ಒಂದು ಬಿಡುವಿನ ದಿನ, ಠಾಣಾಧಿಕಾರಿಯ ಅನುಮತಿ ಕೇಳಿ, ಮಕ್ಕಳನ್ನು ನಿಮ್ಮ ಊರಿನ ಅಗ್ನಿಶಾಮಕ ಠಾಣೆಗೆ ಕರೆದುಕೊಂಡು ಹೋಗಿ. ಆ ಕೆಂಪು ವಾಹನವನ್ನು ಹತ್ತಿರದಿಂದ ನೋಡಲಿ, ಅಲ್ಲಿರುವವರಲ್ಲಿ ಪ್ರಶ್ನೆಗಳನ್ನು ಕೇಳಲಿ. ಈ ಸಭೆಯಲ್ಲಿ ಕುಳಿತ ಹುಡುಗರಲ್ಲಿ ಇಬ್ಬರಾದರೂ ಮುಂದೊಂದು ದಿನ ಆ ವಾಹನದಲ್ಲಿ ಕುಳಿತು ಯಾರದೋ ಬಾಗಿಲಿಗೆ ತಲುಪಲಿ. ಹೊಗೆಯೊಳಗಿಂದ ಕೈ ಚಾಚಿದವರಿಗೆ ತಮ್ಮನ್ನು ಎತ್ತಿದವನ ಹೆಸರು ತಿಳಿಯಬೇಕಾಗಿಲ್ಲ. ಆದರೆ ಆ ಕೈ ನಮ್ಮ ಮನೆಯದೂ ಆಗಿತ್ತು ಎಂಬ ತೃಪ್ತಿ ನಮಗಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.